ಕಡಲಿಗೆ ಮರಿ ಬಿಡೋರು ಯಾರು?

ಬೆಂಗಳೂರು, ವಿಮಾನ ನಿಲ್ದಾಣ

ನಮ್ಮ ಚಿಕ್ಕಪ್ಪನ ಚೀಲದಲ್ಲಿ ಸೀಸದ ಗುಂಡುಗಳು ಸಿಕ್ಕಿದವು. ತಪಾಸಣೆಯ ಯಂತ್ರದ ಪರದೆಯ ಮೇಲೆ ಅವು ಮಣಿಸರದ ಹಾಗೆ ಸಾಲಾಗಿ ಕಂಡವಂತೆ. ಯೂನಿಫಾರಂ ಹಾಕಿದ್ದ ಅಧಿಕಾರಿ ಚೀಲವನ್ನು ಪಕ್ಕಕ್ಕೆ ಎಳೆದು, ಇದು ಏನು ಅಂತ ಹಿಂದಿಯಲ್ಲಿ ಕೇಳಿದ.

"ಬೀಸುಬಲೆ ಸಾ, ಅಂಚ್ಗ ಭಾರಕ್ಕ ಗುಂಡು ಕಟ್ಟಿರಾದು," ಅಂದರು ಚಿಕ್ಕಪ್ಪ. "ಬಿಚ್ಚಿ ತೋರ್ಸ್ಲಾ?"

ಬೇಡ ಅನ್ನುವಷ್ಟರಲ್ಲಿ ಬಲೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು, ಅರ್ಧ ಬಲೆಯನ್ನು ಮೊಣಕೈ ಮೇಲೆ ಹಾಕಿಕೊಂಡು ಬೀಸುವುದಕ್ಕೆ ನಿಂತೇಬಿಟ್ಟಿದ್ದರು. ಹಿಂದೆ ನಿಂತಿದ್ದ ಸೂಟುಬೂಟಿನವರು ಎರಡು ಹೆಜ್ಜೆ ಸರಿದರು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಆದರೂ ನಿಯಮ ನಿಯಮವೇ. ನಾನು ವಾಪಸ್ ಕೌಂಟರಿಗೆ ಓಡಿ ಅದನ್ನು ಲಗೇಜಿಗೆ ಹಾಕಿಸಿ ಬಂದೆ.

"ಯಾಕೆ ತಂದಿರಿ ಚಿಕ್ಕಪ್ಪ? ನಾವು ಹೋಗ್ತಿರೋದು ನೋಡೋಕೆ, ಹಿಡಿಯೋಕಲ್ಲ."

"ಬ್ಯಾರೆ ನೀರ್ಗ ಬರಿಗೈಲಿ ಓಗಾದಾ ಕೂಸು? ನೀನು ಪುಸ್ತ್ಕ ಮಡಿಕಂಡಿಲ್ವಾ? ಅಂಗೇ."

ನಾವು ಯಾರು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕುಂತೂರು ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರುಗಳು ಹೋಗುವ ರಸ್ತೆಯ ಬದಿಯಲ್ಲಿ ನಮ್ಮೂರು. ಊರ ಕೆರೆಯಲ್ಲಿ ಮೀನು ಬಿಟ್ಟು, ಬೆಳೆಸಿ, ಹಿಡಿಯುವ ಸಂಘ ಒಂದಿದೆ. ಚಿಕ್ಕಪ್ಪ ಮಾದಪ್ಪ ಅದರ ಅಧ್ಯಕ್ಷರು, ನಾನು ಕಾರ್ಯದರ್ಶಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಕಬ್ಬು ಕಡಿದು, ಅವ್ವ ಯಳಂದೂರು ಸಂತೆಯಲ್ಲಿ ಮೀನು ಮಾರಿ ಕೊಳ್ಳೇಗಾಲದ ಕಾಲೇಜಿನಲ್ಲಿ ನನಗೆ ಬಿ.ಎಸ್ಸಿ. ಓದಿಸಿದರು. ಮೈಯಲ್ಲಿ ಮೀನಿನ ವಾಸನೆ ಅಂತ ಕ್ಲಾಸಿನಲ್ಲಿ ದೂರ ಕೂರುತ್ತಿದ್ದವರೇ, ಲ್ಯಾಬಿನಲ್ಲಿ ಮೀನು ಕೊಯ್ಯುವ ದಿನ ನನ್ನ ಟೇಬಲ್ಲಿಗೆ ಬಂದು ನಿಲ್ಲುತ್ತಿದ್ದರು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಓದಿದ್ದು ನಾನೇ, ವಾಸನೆಯೂ ನಮ್ಮದೇ.

ಕೆರೆಯ ಮೀನುಗಾರರೂ ಕಡಲ ಮೀನುಗಾರರೂ ಒಬ್ಬರ ಕೆಲಸ ಒಬ್ಬರು ನೋಡಲಿ ಅಂತ ಒಂದು ಸೇವಾಸಂಸ್ಥೆಯವರು ಕೆಲವರನ್ನು ಶ್ರೀಲಂಕಾಕ್ಕೆ ಕಳಿಸುತ್ತಿದ್ದರು. ತಮಿಳು ಬರಬೇಕು ಅಂದರು. ಚಿಕ್ಕವ್ವನ ತವರು ಅಜ್ಜೀಪುರದಿಂದಾಚೆ, ಗಡಿಯ ಕಡೆ. ಅವರ ಮನೆಯಲ್ಲಿ ಮುದ್ದು ಮಾಡುವುದು ಕನ್ನಡದಲ್ಲಿ, ಬೈಯುವುದು ತಮಿಳಲ್ಲಿ. ಆ ಬೈಗುಳ ಕೇಳಿ ಕೇಳಿ ನಮ್ಮಿಬ್ಬರಿಗೂ ತಮಿಳು ಚೆನ್ನಾಗಿಯೇ ಬರುತ್ತಿತ್ತು.

ಮನ್ನಾರಿನ ಕಡೆ, ಮೊದಲನೆಯ ದಿನ

ಕೊಲಂಬೊದಿಂದ ಉತ್ತರಕ್ಕೆ ವ್ಯಾನಿನಲ್ಲಿ ಹೋದೆವು. ದಾರಿಯುದ್ದಕ್ಕೂ ಕೆರೆಗಳು, ನಮ್ಮಲ್ಲಿರುವುದಕ್ಕಿಂತ ಹೆಚ್ಚು. ಪ್ರತಿ ಕೆರೆ ಬಂದಾಗಲೂ ಚಿಕ್ಕಪ್ಪ ಕಿಟಕಿಗೆ ಮುಖ ಒತ್ತಿ, "ಇದು ಯಾರ ಗುತ್ತಿಗೇಲದೋ!" ಅನ್ನುತ್ತಿದ್ದರು. ಎರಡು ಕಡೆ ಬಸ್ಸಿನವರು ನಮ್ಮ ವ್ಯಾನಿಗೆ ದಾರಿ ಬಿಟ್ಟುಕೊಟ್ಟರು. ಅದನ್ನೂ ಒಂದು ವಿಶೇಷ ಅಂತ ನೋಡಿಕೊಂಡೆವು.

ನಮ್ಮನ್ನು ಇಳಿಸಿದ ಹಳ್ಳಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳಲಿರುವುದು ಅವರ ಮನೆಯೊಳಗಿನ ಮಾತು.

ವ್ಯಾನು ನಿಂತಿದ್ದು ಕಡಲ ದಡದಲ್ಲೇ. ಚಿಕ್ಕಪ್ಪ ಅದುವರೆಗೆ ಸಮುದ್ರ ನೋಡಿದವರಲ್ಲ. ಇಳಿದು, ಪಂಚೆ ಎತ್ತಿ ಕಟ್ಟಿಕೊಂಡು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಕೂಸು, ಇದ್ರ ಏರಿ ಎಲ್ಲದೆ?"

"ಏರಿ ಇಲ್ಲ ಚಿಕ್ಕಪ್ಪ. ಇದು ಸಮುದ್ರ."

"ಏರಿ ಇಲ್ದೆ ನೀರ್ ಎಂಗ್ ನಿಂತದೆ?" ಅಂದವರು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಉಗುಳಿ, "ಥೂ! ಇದ್ರಲ್ಲಿ ಮೀನ್ ಬದುಕ್ತಾವಾ?" ಅಂದರು.

ನಾವು ಉಳಿದುಕೊಳ್ಳಬೇಕಾಗಿದ್ದ ಮನೆಯ ಯಜಮಾನ ಅಂತೋಣಿ ಹಿಂದೆಯೇ ನಿಂತಿದ್ದರು. ಐವತ್ತು ದಾಟಿದವರು, ಬಿಸಿಲಿಗೆ ಕಪ್ಪಾದ ಭುಜ, ನಗುವಾಗ ಮಾತ್ರ ಕಾಣುವ ಹಲ್ಲು. ಅವರ ತಮಿಳು ನಮ್ಮ ಚಿಕ್ಕವ್ವನದಕ್ಕಿಂತ ನಿಧಾನ, ಹಾಡಿನ ಹಾಗೆ. ಅವರೆಲ್ಲ ಆಡಿದ್ದನ್ನು ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

"ಅಣ್ಣೈ, ಚೀಲದಲ್ಲಿ ಏನು ಇಷ್ಟು ಭಾರ?"

ಚಿಕ್ಕಪ್ಪ ಬಲೆ ತೆಗೆದರು. ಅಂತೋಣಿ ಅದನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ ಕೆಲಸ, ಬಲೆಯ ಒಂದು ಕಣ್ಣಿನೊಳಗೆ ಎರಡು ಬೆರಳು ಜೋಡಿಸಿ ತೂರಿಸಿದ್ದು. ಬೆರಳು ಸಲೀಸಾಗಿ ಹೋದವು. "ನೀವು ನಮ್ಮವರೇ," ಅಂದರು. ಆಮೇಲೆ ಮನೆಯೊಳಗೆ ಕರೆದರು.

ಪಕ್ಕದ ಮನೆಯ ಮುದುಕಿಗೆ ಮಾತ್ರ ಅಷ್ಟು ಸಮಾಧಾನವಿರಲಿಲ್ಲ. ಜಗಲಿಯಿಂದಲೇ ಕೇಳಿದಳು: "ಎಲ್ಲಿಂದ?"

"ಇಂಡಿಯಾದಿಂದ, ಅಮ್ಮಾ," ಅಂದೆ.

ಅವಳು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಒಳಗೆ ಎದ್ದುಹೋದಳು. ಅಂತೋಣಿಯ ಹೆಂಡತಿ ರೋಸಿ ನನ್ನ ಕೈ ಹಿಡಿದು, "ತಂಗಚ್ಚಿ, ನಿಮ್ಮ ಮೇಲಲ್ಲ. ನಿಮ್ಮ ಕಡೆಯ ದೋಣಿಗಳ ಮೇಲೆ," ಅಂದರು.

ಮೀನು ಇಳಿಯುವ ದಡ

ಮಾರನೆಯ ಬೆಳಗ್ಗೆ ದೋಣಿಗಳು ಬಂದವು. ಚಿಕ್ಕ ಫೈಬರ್ ದೋಣಿಗಳು, ಒಂದೊಂದಕ್ಕೂ ಹಿಂದೆ ಒಂದು ಮೋಟಾರು. ನಮ್ಮ ಕೆರೆಯಲ್ಲಿ ದೊಡ್ಡ ಬಲೆ ಎಳೆದ ದಿನ ಊರಿಗೆ ಊರೇ ದಡದಲ್ಲಿರುತ್ತದೆ, ಗೆಂಡೆ, ಕಾಟ್ಲಾ ಒದ್ದಾಡುವ ಸದ್ದಿಗೆ ಮಾತು ಕೇಳಿಸುವುದಿಲ್ಲ. ಇಲ್ಲಿ ದೋಣಿಯವರು ಇಳಿದರು, ಒಂದೊಂದು ಬುಟ್ಟಿ ಇಳಿಸಿದರು, ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ವ್ಯಾಪಾರಿ ತಕ್ಕಡಿ ತೆಗೆಯಲಿಲ್ಲ. ಕಣ್ಣಳತೆಯಲ್ಲೇ ವ್ಯಾಪಾರ ಮುಗಿಯಿತು.

ಚಿಕ್ಕಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಸುತ್ತ ನಿಂತಿದ್ದ ಏಳೆಂಟು ಜನರ ಮುಂದೆ ಕೇಳಿಯೇಬಿಟ್ಟರು:

"ಯಾವ ತಿಂಗಳಲ್ಲಿ ಮರಿ ಬಿಟ್ರಿ?"

ಯಾರಿಗೂ ತಿಳಿಯಲಿಲ್ಲ. ಚಿಕ್ಕಪ್ಪ ಬಿಡಿಸಿ ಹೇಳಿದರು. ಮಳೆ ಬಿದ್ದು ಕೆರೆ ತುಂಬಿದ ಮೇಲೆ ಇಲಾಖೆಯ ಫಾರಂನಿಂದ ಗಾಡಿ ಬರುತ್ತದೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಮರಿ. ಅರಿಶಿನ ಕುಂಕುಮ ಇಟ್ಟು, ಬೆಟ್ಟದ ದೇವರು ಮಾದಪ್ಪನ ಹೆಸರು ಹೇಳಿ ಕೆರೆಗೆ ಬಿಡುತ್ತೇವೆ. ಬೇಸಿಗೆಗೆ ನೀರು ಇಳಿದಾಗ ಬಳಿದು ಹಿಡಿಯುತ್ತೇವೆ. ಮತ್ತೆ ಮಳೆ, ಮತ್ತೆ ಮರಿ.

"ಅಂಗೇ ನೀವೂ ಬಿಡ್ಬೇಕಲ್ಲ? ಯಾರು ತಂದ್ಕೊಡ್ತಾರೆ?"

ದಡವೆಲ್ಲ ನಕ್ಕಿತು. ಒಬ್ಬ ಮರಳ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಅಂತೋಣಿಯ ಮಗ ಜೂಡ್, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, "ಮಾಮಾ, ಕಡಲಿಗೆ ಮರಿ ಬಿಡೋರು ಯಾರು? ದೇವರು ಬಿಡ್ತಾನೆ!" ಅಂದ.

"ದೇವ್ರೊಬ್ನೇ ಬುಡಾದು, ಎಲ್ರೂ ಇಡ್ಯಾದು," ಅಂತ ಚಿಕ್ಕಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದರು. "ಅದ್ಕೇ ಬುಟ್ಟಿ ಖಾಲಿ."

ನಾನು ಓದಿದವಳು, ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಾವು ಕೆರೆಯನ್ನು ಕೆಸರಿನವರೆಗೆ ಬಳಿದುಬಿಡುತ್ತೇವೆ, ಯಾಕೆಂದರೆ ಮಳೆಗಾಲಕ್ಕೆ ಗಾಡಿ ಬರುತ್ತದೆ ಅನ್ನುವ ಧೈರ್ಯ. ಇವರ ನೀರನ್ನೂ ಯಾರೋ ಹಾಗೆಯೇ ಬಳಿದಿದ್ದರು, ಗಾಡಿ ಬರುವುದಿಲ್ಲ ಅಂತ ಗೊತ್ತಿದ್ದೂ.

ಯಾರು ಅನ್ನುವುದನ್ನು ಅಂತೋಣಿ ಹೇಳಿದರು. ಇವರ ಕಡಲಿಗೂ ತಮಿಳುನಾಡಿನ ಕಡಲಿಗೂ ನಡುವೆ ಅಗಲ ಕಡಿಮೆ. ಆ ಕಡೆ ಎಷ್ಟೋ ವರ್ಷಗಳ ಹಿಂದೆಯೇ ದೊಡ್ಡ ಟ್ರಾಲರ್ ದೋಣಿಗಳು ಬಂದವು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಇತ್ತು, ಸರ್ಕಾರಗಳೂ ನೆರವು ಕೊಟ್ಟವು, ದೋಣಿಗಳು ಹೆಚ್ಚುತ್ತಲೇ ಹೋದವು. ಟ್ರಾಲರ್ ಅಂದರೆ ಬಾಯಗಲ ಚೀಲದಂಥ ಬಲೆಯನ್ನು ಸಮುದ್ರದ ತಳಕ್ಕೆ ಬಿಟ್ಟು ಎಂಜಿನ್ನಿನಿಂದ ಎಳೆದುಕೊಂಡು ಹೋಗುವುದು. ತಳದಲ್ಲಿರುವ ಹುಲ್ಲು, ಮೊಟ್ಟೆ, ಮರಿ ಯಾವುದನ್ನೂ ಅದು ಬಿಡುವುದಿಲ್ಲ. ತಮ್ಮ ಕಡೆಯ ತಳ ಕೆರೆದು ಮುಗಿದ ಮೇಲೆ ಅವರು ಗಡಿ ದಾಟಿ ಇವರ ಕಡೆಗೆ ಬರತೊಡಗಿದರು. ಇವರು ಹಾಸಿಟ್ಟ ಬಲೆಗಳ ಮೇಲೆಯೇ ಎಳೆದುಕೊಂಡು ಹೋಗುತ್ತಾರೆ. ಅಂತೋಣಿಯ ಬಲೆಗಳೆಲ್ಲ ಹಾಗೆಯೇ ಹೋದವು. ಬೆಳಗ್ಗೆ ಹೋಗಿ ನೋಡಿದರೆ ತೇಲುಬುರುಡೆ ಕಟ್ಟಿದ ಹಗ್ಗದ ಒಂದು ತುಂಡು ಸಿಕ್ಕಿತಂತೆ. ಅದನ್ನು ರೋಸಿ ಬಟ್ಟೆ ಒಣಗಿಸಲು ಕಟ್ಟಿಕೊಂಡಿದ್ದರು.

"ಆ ದೋಣಿಯಲ್ಲಿರೋ ಕೂಲಿಯವರೂ ನಮ್ಮಂಥವರೇ ತಂಗಚ್ಚಿ," ಅಂದರು ಅಂತೋಣಿ. "ಸಿಕ್ಕಿಬಿದ್ದರೆ ಜೈಲು ಅವರಿಗೆ. ದೋಣಿಯ ಯಜಮಾನ ದಡದಲ್ಲಿರುತ್ತಾನೆ."

"ಅಷ್ಟೊಂದು ಮರಿಮೀನು ತಗೊಂಡು ಏನು ಮಾಡುತ್ತಾರೆ? ಯಾರೂ ತಿನ್ನಲ್ಲವಲ್ಲ?" ಅಂತ ರೋಸಿ ನನ್ನನ್ನು ಕೇಳಿದರು, ನಾನು ಆ ಕಡೆಯವಳು ಅಂತ.

ಉತ್ತರ ನನಗೆ ಗೊತ್ತಿತ್ತು. ಒಣಗಿಸಿ, ಪುಡಿ ಮಾಡಿ, ಕೋಳಿಗೆ ಹಾಕುತ್ತಾರೆ. ಸಾಕುವ ಮೀನಿಗೂ ಹಾಕುತ್ತಾರೆ. ನಮ್ಮ ಸಂಘ ಕೆರೆಗೆ ಹಾಕುವ ಮೀನಿನ ತಿಂಡಿಯ ಮೂಟೆಯ ಮೇಲೂ ಹೊಟ್ಟು, ಹಿಂಡಿಯ ಜೊತೆ ಮೀನುಪುಡಿ ಅಂತ ಬರೆದಿರುತ್ತದೆ. ಯಾವ ಕಡಲಿನದು ಅಂತ ಬರೆದಿರುವುದಿಲ್ಲ. ಇದನ್ನೇ ಹೇಳಿದೆ. ರೋಸಿ ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದರೆ ನಮ್ಮ ಮೀನು ನಿಮ್ಮ ಊರಿಗೆ ನಮಗಿಂತ ಮೊದಲೇ ಬಂದಿದೆ," ಅಂದು ಚಹಾಕ್ಕೆ ಕರೆದರು. ಅವರಲ್ಲಿ ಚಹಾಕ್ಕೆ ಹಾಲಿಲ್ಲ. ಅಂಗೈ ಮೇಲೆ ಸಕ್ಕರೆ ಇಟ್ಟುಕೊಂಡು, ಒಂದು ಗುಟುಕಿಗೆ ಒಂದು ಸಲ ನೆಕ್ಕುವುದು. ಚಿಕ್ಕಪ್ಪ ಸಕ್ಕರೆಯನ್ನು ಮೊದಲೇ ತಿಂದು ಮುಗಿಸಿ ಬರೀ ಕಹಿ ಕುಡಿದರು.

ಕಳಪ್ಪು

ಹಳ್ಳಿಯ ಬೆನ್ನಿಗೆ ಇನ್ನೊಂದು ನೀರಿದೆ. ಕಡಲು ಒಳನಾಡಿಗೆ ಚಾಚಿಕೊಂಡು ಕೆರೆಯ ಹಾಗೆ ನಿಂತಿರುವುದು. ಕಳಪ್ಪು ಅನ್ನುತ್ತಾರೆ. ಎದೆಮಟ್ಟದ ನೀರು, ದಡದಲ್ಲಿ ಬೇರು ಹೊರಚಾಚಿದ ಕಾಂಡ್ಲಾ ಗಿಡಗಳು. ಚಿಕ್ಕಪ್ಪನ ಮುಖ ಅಲ್ಲಿ ಅರಳಿತು. "ಇದು ನೀರು! ಅತ್ಲಾ ದಡ ಕಾಣ್ತದೆ."

ಅವರಿಗೆ ಅಂತೋಣಿ ಬಲೆ ಬೀಸಲು ಬಿಟ್ಟರು. ಎರಡು ಬೆರಳಿನ ಕಣ್ಣು ಇದ್ದರೆ ಅಡ್ಡಿ ಇಲ್ಲ, ಅದಕ್ಕಿಂತ ಸಣ್ಣ ಕಣ್ಣಿನ ಬಲೆ ಕಳಪ್ಪಿನಲ್ಲಿ ಬಿಡಬಾರದು, ಅದು ಇಲ್ಲಿನ ಮೀನುಗಾರರ ಸಂಘದ ಕಟ್ಟಳೆ ಅಂದರು. ಬಲೆ ಚಂದ್ರನ ಹಾಗೆ ದುಂಡಗೆ ಬಿತ್ತು. ಬಂದಿದ್ದು ಒಂದೇ ಒಂದು ಏಡಿ. ನಮ್ಮ ಗದ್ದೆ ಏಡಿಯ ನಾಲ್ಕರಷ್ಟು. ಚಿಕ್ಕಪ್ಪ ಹಿಡಿಯಲು ಹೋಗಿ ಹೆಬ್ಬೆರಳು ಕೊಟ್ಟರು. ಬಿಡಿಸಲು ಅಪ್ಪ ಮಗ ಇಬ್ಬರೂ ಬೇಕಾಯಿತು.

ಬೆರಳಿಗೆ ಬಟ್ಟೆ ಸುತ್ತುತ್ತಾ ಅಂತೋಣಿ ಹೇಳಿದರು: "ಅಣ್ಣೈ, ನೀವು ನಿನ್ನೆ ಕೇಳಿದಿರಲ್ಲ, ಮರಿ ಎಲ್ಲಿಂದ ಅಂತ. ಇಲ್ಲಿಂದ. ಸಿಗಡಿ, ಕೆಲವು ಮೀನು, ಎಲ್ಲ ಚಿಕ್ಕದರಲ್ಲಿ ಇಲ್ಲೇ ಬೆಳೆದು ಆಮೇಲೆ ಕಡಲಿಗೆ ಹೋಗುತ್ತವೆ. ಹೊರಗಿನದನ್ನು ಕಾಯೋಕೆ ನಮ್ಮ ಕೈಲಾಗಲ್ಲ. ಇದೊಂದು ಉಳಿದಿದೆ."

"ಉಳಿದಿರೋದು ಭಾನುವಾರದವರೆಗೆ," ಅಂದ ಜೂಡ್.

ಭಾನುವಾರ ಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಸಂಘದ ಸಭೆ ಇತ್ತು. ಕಳಪ್ಪಿನಲ್ಲಿ ಸಣ್ಣ ಕಣ್ಣಿನ ಬಲೆಗೆ ಅವಕಾಶ ಕೊಡಬೇಕೇ ಬೇಡವೇ ಅಂತ ಕೈ ಎತ್ತಿಸುವವರಿದ್ದರು. ಜೂಡ್ ಮತ್ತು ಅವನ ಗೆಳೆಯ ಸೇರಿ ಅಂಥ ಬಲೆ ಆಗಲೇ ತಂದಿಟ್ಟಿದ್ದರು. ಸೊಳ್ಳೆಪರದೆಯಂಥ ಬಲೆ.

"ಯಾರಿಗೆ ಕಾಯ್ತೀರಪ್ಪಾ?" ಅಂದ ಜೂಡ್. ಕೂಗಲಿಲ್ಲ, ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. "ನಾವು ಇಲ್ಲಿ ಮರಿ ಕಾಯೋದು. ಅದು ದೊಡ್ಡದಾಗಿ ಹೊರಗೆ ಹೋಗೋದು. ರಾತ್ರಿ ಆ ಕಡೆಯವರು ಬಂದು ಬಾಚಿಕೊಂಡು ಹೋಗೋದು. ನಾವೇನು ಅವರ ಕೂಲಿಗಳಾ?"

"ಇದೂ ಹೋದರೆ ಆಮೇಲೆ?" ಅಂದರು ಅಂತೋಣಿ.

"ಆಮೇಲೆ ಅಂತ ಒಂದು ಇದೆಯಾ? ಮಾಮಾ, ನೀವು ಹೇಳಿ. ನೀವಾಗಿದ್ದರೆ?"

ಚಿಕ್ಕಪ್ಪ ಹೆಬ್ಬೆರಳಿನ ಬಟ್ಟೆ ಬಿಗಿ ಮಾಡಿಕೊಂಡರು. ಜೂಡ್ ನನ್ನನ್ನು ನೋಡಿದ. ಪದವಿ ಪಡೆದವಳು ನಾನು, ಮೀನಿನ ಸಂತಾನೋತ್ಪತ್ತಿ ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ತಗೊಂಡವಳು. ಆ ಹುಡುಗನ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸಲು ನನಗೆ ಆಗಲಿಲ್ಲ. ಅವನದು ತಪ್ಪಲ್ಲ, ಅಪ್ಪನದೂ ತಪ್ಪಲ್ಲ.

ಮನೆಗೆ ಬಂದ ಮೇಲೆ ರೋಸಿ ಇನ್ನೊಂದು ಮಾತು ಹೇಳಿದರು. ನೀರಿಗೆ ಬಲೆ ಬಿಡುತ್ತಿರುವವರಿಗೆ ಮಾತ್ರ ಸಂಘದಲ್ಲಿ ಕೈ ಎತ್ತುವ ಹಕ್ಕು. ವ್ಯಾಪಾರಿಗಳು ಸಂಘದೊಳಗೆ ನುಗ್ಗದಿರಲಿ ಅಂತ ಈ ಕಟ್ಟಳೆ ತಂದಿದ್ದು ಸ್ವತಃ ಅಂತೋಣಿ. ಈಗ ಅವರಿಗೆ ಬಲೆ ಇಲ್ಲ, ಹಾಗಾಗಿ ಹಕ್ಕೂ ಇಲ್ಲ. ಈ ಮನೆಯಿಂದ ಕೈ ಎತ್ತುವವನು, ಗೆಳೆಯನ ದೋಣಿಯಲ್ಲಿ ಬಲೆ ಬಿಡುವ ಜೂಡ್.

ಭಾನುವಾರ, ಚರ್ಚಿನ ಅಂಗಳ

ಮಲೆ ಮಹದೇಶ್ವರನ ಬೆಟ್ಟದಲ್ಲಿ ಜನ ಉಘೇ ಅಂತ ಕೂಗಿ ಹರಕೆ ಒಪ್ಪಿಸುತ್ತಾರೆ. ಇಲ್ಲಿ ಪಿಸುಮಾತಿನ ಪ್ರಾರ್ಥನೆ. ಚಿಕ್ಕಪ್ಪ ಕೊನೆಯ ಬೆಂಚಿನಲ್ಲಿ ಕೈ ಮುಗಿದು ಕೂತು, ಎಲ್ಲರೂ ಎದ್ದಾಗ ಕೂತರು, ಕೂತಾಗ ಎದ್ದರು.

ಅಂಗಳದ ಬುಗುರಿ ಮರದ ಕೆಳಗೆ ಸಭೆ. ಹಕ್ಕಿರುವವರು ಒಳಗೆ ಸುತ್ತಾಗಿ ಕೂತರು. ಹೆಂಗಸರು, ಮುದುಕರು, ನಾವು ಹೊರಗೆ. ಅಂತೋಣಿ ನಮ್ಮ ಜೊತೆ ಹೊರಗೆ. ಯಾರೋ, "ಒಳಗೆ ಬಾ ಅಂತೋಣಿ," ಅಂತ ಕರೆದರೂ ಅವರು ಹೋಗಲಿಲ್ಲ. "ಕಟ್ಟಳೆ ನನ್ನದೇ," ಅಂದರು.

ಬಂದ ಅತಿಥಿಗಳು ಎರಡು ಮಾತಾಡಲಿ ಅಂದರು. ನಾನು ಸಿದ್ಧ ಮಾಡಿಕೊಂಡಿದ್ದೆ, ಆದರೆ ಚಿಕ್ಕಪ್ಪ ಆಗಲೇ ಎದ್ದಿದ್ದರು. ಬೈಗುಳದಲ್ಲಿ ಕಲಿತ ತಮಿಳು, ನಡುವೆ ಕನ್ನಡ.

"ಅಯ್ಯಾ, ನಾವು ಕೆರೆಯೋರು. ಒಂದ್ ವರ್ಷ ಗಾಡಿ ಬಿಸ್ಲಲ್ಲಿ ಕೆಟ್ಟು ನಿಂತು ಮರಿ ಎಲ್ಲಾ ಚೀಲದಲ್ಲೇ ಸತ್ತೋದ್ವು. ಬ್ಯಾರೆ ಕೊಡ್ಲಿಲ್ಲ. ಆ ವರ್ಷ ನಮ್ ಕೆರೆ ಬರೀ ನೀರು. ಬಲೆ ಬಿಟ್ರೆ ಪಾಚಿ ಬತ್ತಿತ್ತು. ಒಂದ್ ವರ್ಷ ಕಬ್ಬು ಕಡ್ದು ಹೊಟ್ಟೆ ಹೊರ್ಕಂಡ್ವಿ, ಮುಂದಿನ್ ವರ್ಷ ಗಾಡಿ ಬಂತು. ನಿಮ್ಗ ಕಬ್ಬೂ ಇಲ್ಲ. ಗಾಡಿನೂ ಇಲ್ಲ. ನಂಗ ಅಷ್ಟೇ ಗೊತ್ತು."

ಹೆಂಗಸರು ತಲೆಯಾಡಿಸಿದರು. ಒಳಗಿದ್ದವರಲ್ಲಿ ಒಬ್ಬ ಎದ್ದು, "ಅಯ್ಯಾ, ಇದನ್ನು ನಿಮ್ಮ ದೇಶದಲ್ಲಿ ಹೇಳಿ," ಅಂದ. ಕೆಟ್ಟದಾಗಿ ಹೇಳಲಿಲ್ಲ. ಚಿಕ್ಕಪ್ಪ, "ಏಳ್ತೀನಿ ಕಣಪ್ಪ, ನನ್ ಮಾತ ಯಾರ್ ಕೇಳಾರು?" ಅಂದು ಕೂತರು.

ಬೇಡ ಅನ್ನುವವರು ಮೊದಲು ಕೈ ಎತ್ತಿದರು. ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಇತ್ತು. ಆಮೇಲೆ ಬೇಕು ಅನ್ನುವವರು. ಜೂಡ್ ತಡಮಾಡಿದ. ಅಪ್ಪನನ್ನು ನೋಡಲಿಲ್ಲ, ಕಾಲಬುಡದ ಮರಳು ನೋಡುತ್ತಾ ಕೈ ಎತ್ತಿದ. ಎರಡು ಸಲ ಎಣಿಸಿದರು. ಬೇಕು ಅನ್ನುವ ಕಡೆ ಸ್ವಲ್ಪ ಹೆಚ್ಚಿತ್ತು. ಸೋಮವಾರದಿಂದ ಕಳಪ್ಪು ತೆರೆದ ಹಾಗೆ ಅಂತ ಅವರ ಸಂಘದ ಅಧ್ಯಕ್ಷರು ಹೇಳಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗೆದ್ದವರೂ ಪೆಟ್ಟು ತಿಂದವರ ಹಾಗೆ ಎದ್ದು ಹೋದರು.

ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಉಂಡೆವು. ತೆಂಗಿನಹಾಲಿನ ಸಾರು, ಕೆಂಪಕ್ಕಿ ಅನ್ನ. ಅಪ್ಪ ಮಗ ಅಕ್ಕಪಕ್ಕ ಕೂತಿದ್ದರು. ಮಗ ಉಪ್ಪು ಕೇಳಿದ, ಅಪ್ಪ ಕೊಟ್ಟರು.

ಸೋಮವಾರ ಬೆಳಗ್ಗೆ

ನಮ್ಮ ವ್ಯಾನು ಬರುವುದಿತ್ತು. ಅದಕ್ಕೆ ಮೊದಲು ಚಿಕ್ಕಪ್ಪ ಕಳಪ್ಪು ನೋಡಬೇಕು ಅಂದರು. ಆಗಲೇ ಮೂರು ನಾಲ್ಕು ಬಲೆಗಳು ನೀರಿಗಿಳಿದಿದ್ದವು. ಜೂಡ್ ಮಾತ್ರ ಬಲೆ ಹೆಗಲಿಗೆ ಹಾಕಿಕೊಂಡು ದಡದಲ್ಲಿ ನಿಂತಿದ್ದ. ಅವನ ಗೆಳೆಯ ರಾತ್ರಿ ಕುಡಿದು ಇನ್ನೂ ಎದ್ದಿರಲಿಲ್ಲ. ಆ ಬಲೆಯನ್ನು ಒಬ್ಬನೇ ಎಳೆಯಲು ಬರುವುದಿಲ್ಲ, ಎರಡು ತುದಿಗೆ ಇಬ್ಬರು ಬೇಕು.

ಉಳಿದವರು ಅವನನ್ನು ಚುಡಾಯಿಸುತ್ತಿದ್ದರು. "ಜೂಡ್, ಇನ್ನೊಂದು ತುದಿಗೆ ನಿಮ್ಮಮ್ಮನ್ನ ಕರಿ!"

ಚಿಕ್ಕಪ್ಪ, "ಆ ತುದಿ ನಾನು ಇಡಿಯಾದಾ ಕೂಸು?" ಅಂದರು. ಅವರು ಹೆಜ್ಜೆ ಎತ್ತಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

ಅಷ್ಟರಲ್ಲಿ ಅಂತೋಣಿ ಬಂದರು. ನಮ್ಮನ್ನು ಬೀಳ್ಕೊಡಲು ಬಂದಿದ್ದಾರೆ ಅಂದುಕೊಂಡೆ. ಮಗನನ್ನು ನೋಡಿದರು, ನೀರಿನಲ್ಲಿದ್ದ ಬೇರೆಯವರನ್ನು ನೋಡಿದರು. ಲುಂಗಿ ಮಡಚಿ ಕಟ್ಟಿಕೊಂಡು, ಮಗನ ಹೆಗಲಿಂದ ಬಲೆಯ ಒಂದು ತುದಿ ತೆಗೆದುಕೊಂಡು ನೀರಿಗಿಳಿದರು. ಜೂಡ್ ಸ್ವಲ್ಪ ಹೊತ್ತು ನಿಂತೇ ಇದ್ದ. ಬಲೆ ಬಿಗಿದು ಅವನ ಹೆಗಲನ್ನು ಎಳೆದ ಮೇಲೆ ಅವನೂ ಇಳಿದ.

ಇಬ್ಬರೂ ಎದೆಮಟ್ಟದ ನೀರಿನಲ್ಲಿ ಬಲೆ ಹರಡಿ ದಡದ ಕಡೆ ನಡೆಯತೊಡಗಿದರು. ಹುಡುಗನಿಗೆ ಇಂಥ ಬಲೆ ಎಳೆದು ಅಭ್ಯಾಸವಿರಲಿಲ್ಲ, ಅವಸರ ಮಾಡುತ್ತಿದ್ದ. ಅವನ ತುದಿಯಲ್ಲಿ ಬಲೆಯ ಕೆಳಹಗ್ಗ ನೆಲ ಬಿಟ್ಟು ಮೇಲೇಳುತ್ತಿತ್ತು. ಹಾಗೆ ಎದ್ದರೆ ಬಲೆಯ ಅಡಿಯಿಂದ ಮರಿಗಳು ತಪ್ಪಿಸಿಕೊಳ್ಳುತ್ತವೆ. ಅದು ನಮಗೂ ಗೊತ್ತು. ಚಿಕ್ಕಪ್ಪ ಅದನ್ನೇ ನೋಡುತ್ತಿದ್ದರು.

ಅಂತೋಣಿ ನಿಂತರು. ಮಗನ ಕಡೆ ತಿರುಗಿದರು.

"ಕೆಳಹಗ್ಗ ಎತ್ತಬೇಡ ಮಗನೇ," ಅಂತ ಕೂಗಿದರು. "ಕಾಲ ಹೆಬ್ಬೆರಳಲ್ಲಿ ನೆಲಕ್ಕೆ ಒತ್ತಿ ಹಿಡಿ. ನಿಧಾನ. ಹಾಂ, ಹಾಗೆ."